ಮಡಕೆ ಮಣ್ಣು ಹುಡುಕುತ್ತಾ ಮಳವಳ್ಳಿಯವರೆಗೆ

ಬೇಸಿಗೆ ರಜೆಗೆ ಬೆಂಗಳೂರಿನಿಂದ ಬಂದ ಮೊಮ್ಮಗಳು ಬಂದ ದಿನವೇ ನಮ್ಮ ನೀರಿನ ಮಡಕೆ ಒಡೆದಳು. ಬೇಕಂತಲೇ ಅಲ್ಲ. ನೀರು ತೆಗೆಯಲು ಹೋದಾಗ ಕಾಲಡಿಯ ಚಾಪೆ ಜಾರಿ, ಮಡಕೆಯನ್ನೇ ತಬ್ಬಿಕೊಂಡು ಬಿದ್ದಳು. ಅವಳಿಗೇನೂ ಆಗಲಿಲ್ಲ. ಮಡಕೆ ಮಾತ್ರ ಐದಾರು ಚೂರಾಯಿತು.

"ತಾತ, ಫೆವಿಕ್ವಿಕ್ ಇದ್ಯಾ?" ಎಂದು ಅಳು ತಡೆದುಕೊಂಡು ಕೇಳಿದಳು.

ಒಳಗಿನಿಂದ ಅವಳ ಅಜ್ಜಿ ನಕ್ಕಳು. "ಮಡಕೆ ಒಡೆದಿದ್ದಕ್ಕೆ ಯಾರು ಬೈತಾರೆ? ಒಡೀಲಿ ಅಂತಾನೇ ಮಡಕೆ ಇರೋದು. ಹೊಸದು ಎಲ್ಲಿಂದ ತರ್ತೀರಿ, ಅದನ್ನ ಹೇಳಿ."

ಸಂತೆಯಲ್ಲಿ ಸಿಗುತ್ತದೆ, ನಿಜ. ಆದರೆ ಹೋದ ವರ್ಷ ಹಾಗೆ ತಂದ ಮಡಕೆಯಲ್ಲಿ ನೀರು ತಣ್ಣಗಾಗಲೇ ಇಲ್ಲ. ಹೊರಗೆ ಮಿರಮಿರ ಮಿಂಚುವಂತೆ ಏನೋ ಬಳಿದಿದ್ದರು. ಮಡಕೆಯ ನೀರು ತಣ್ಣಗಾಗುವುದು ಅದರ ಮೈ ಬೆವರುವುದರಿಂದ. ಒಳಗಿನ ನೀರು ಕಣ್ಣಿಗೆ ಕಾಣದ ರಂಧ್ರಗಳಿಂದ ಹೊರಮೈಗೆ ಜಿನುಗಿ ಆವಿಯಾಗುತ್ತದೆ. ಆವಿಯಾಗಲು ಬೇಕಾದ ಶಾಖವನ್ನು ಮಡಕೆಯಿಂದಲೇ ಎಳೆದುಕೊಳ್ಳುತ್ತದೆ. ಬಣ್ಣ ಬಳಿದು ರಂಧ್ರ ಮುಚ್ಚಿದರೆ ಬೆವರುವುದು ಹೇಗೆ? ಹಾಗಾಗಿ ಮಾರನೆಯ ಬೆಳಿಗ್ಗೆ ಮಾಡುವವರ ಬಳಿಯೇ ಹೋಗೋಣವೆಂದು ನಾನೂ ಅವಳೂ ಹೊರಟೆವು.

ನಮ್ಮ ಮನೆ ಮಂಡ್ಯದ ವಿ.ಸಿ. ಫಾರಂ ಹತ್ತಿರ. ಹೆಸರು ಕೇಳಿ ಎಷ್ಟೋ ಮಕ್ಕಳು ಇದು ಯಾವುದೋ ಅರ್ಜಿಯ ಫಾರಂ ಎಂದುಕೊಳ್ಳುತ್ತಾರೆ. ವಿ.ಸಿ. ಅಂದರೆ ವಿಶ್ವೇಶ್ವರಯ್ಯ ನಾಲೆ. ನಮ್ಮಪ್ಪನ ಕಾಲದವರಿಗೆ ಅದು ಇರ್ವಿನ್ ನಾಲೆ. ಆಗಿನ ವೈಸ್‌ರಾಯ್ ಹೆಸರನ್ನು ಇಟ್ಟಿದ್ದರು. ಕನ್ನಂಬಾಡಿ ಕಟ್ಟೆಯಿಂದ ಹೊರಟು, ಹುಲಿಕೆರೆಯ ಹತ್ತಿರ ನೆಲದೊಳಗಿನ ಸುರಂಗದಲ್ಲಿ ನುಸುಳಿ, ಈ ಸೀಮೆಯನ್ನೆಲ್ಲ ಹಸಿರು ಮಾಡಿದ ನಾಲೆ ಅದು. ಮಳೆ ನಂಬಿ ರಾಗಿ ಬೆಳೆಯುತ್ತಿದ್ದವರ ಹೊಲಕ್ಕೆ ಒಮ್ಮೆಲೇ ನೀರು ಬಂದರೆ ಅವರಿಗೆ ಹೊಸ ಬೇಸಾಯ ತೋರಿಸಿಕೊಡಬೇಕಲ್ಲ? ಅದಕ್ಕಾಗಿ 1931ರಲ್ಲಿ ಈ ಫಾರಂ ಶುರುವಾಯಿತು. ಆಗ ಮೈಸೂರು ಸಂಸ್ಥಾನದ ಕೃಷಿ ಇಲಾಖೆ ನೋಡಿಕೊಳ್ಳುತ್ತಿದ್ದವರು ಕೆನಡಾ ದೇಶದ ಲೆಸ್ಲಿ ಕೋಲ್ಮನ್. ಅಡಿಕೆಯ ಕೊಳೆರೋಗಕ್ಕೆ ಮದ್ದು ತೋರಿಸಿದವರೂ ಅವರೇ. 1933ರಲ್ಲಿ ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಬಂತು. ಈಗ ಫಾರಂನಲ್ಲಿ ಕೃಷಿ ಕಾಲೇಜಿದೆ, ಭತ್ತದ ಸಂಶೋಧನೆ ನಡೆಯುತ್ತದೆ. ರೈತರು ಕೇಳಿ ಪಡೆಯುವ ಕೆಆರ್‌ಎಚ್-2 ಎಂಬ ಹೈಬ್ರಿಡ್ ಭತ್ತ ಹುಟ್ಟಿದ್ದು ಇಲ್ಲೇ.

ನಾನು ಅಲ್ಲಿ ದುಡಿದವನು. ವಿಜ್ಞಾನಿಯಲ್ಲ. ಗದ್ದೆಗಳಿಂದ ಬಂದ ಮಣ್ಣಿನ ಮಾದರಿಗಳನ್ನು ಒಣಗಿಸುವುದು, ಕುಟ್ಟುವುದು, ಜರಡಿ ಹಿಡಿಯುವುದು, ಚೀಟಿ ಅಂಟಿಸುವುದು ನನ್ನ ಕೆಲಸ. ಮೂವತ್ತು ವರ್ಷ ಮಣ್ಣು ಮುಟ್ಟಿದವನಿಗೆ ಮಣ್ಣು ಗೊತ್ತು ಎಂಬ ಒಂದು ಸಣ್ಣ ಜಂಬವಿತ್ತು. ಆ ಬೇಸಿಗೆಯಲ್ಲಿ ಅದು ಸ್ವಲ್ಪ ಇಳಿಯಿತು.

ನಮ್ಮಲ್ಲಿಂದ ಎರಡು ಊರು ದಾಟಿದರೆ ಕುಂಬಾರಶೆಟ್ಟರ ಕೇರಿ. ನಾನು ಹುಡುಗನಾಗಿದ್ದಾಗ ಅಲ್ಲಿ ಹತ್ತಾರು ಮನೆಗಳಲ್ಲಿ ತಿಗರಿ ತಿರುಗುತ್ತಿತ್ತು. ಅನ್ನಕ್ಕೊಂದು, ಸಾರಿಗೊಂದು, ಮೊಸರಿಗೊಂದು ಕುಡಿಕೆ. ಮದುವೆ ಬಂದರೆ ಸುಣ್ಣ ಕೆಮ್ಮಣ್ಣಿನಲ್ಲಿ ಚಿತ್ತಾರ ಬರೆದ ಮಡಕೆಗಳನ್ನು ವಾಲಗದೊಂದಿಗೆ ಅವರ ಮನೆಯಿಂದಲೇ ತರಬೇಕು. ರಾಗಿ ತುಂಬಲು ಆಳೆತ್ತರದ ವಾಡೆ. ಮೊಮ್ಮಗಳು "ಮದ್ದೂರು ವಡೆನಾ?" ಎಂದಳು. ವಡೆಯಲ್ಲ ಮಗಳೇ, ವಾಡೆ. ಮಣ್ಣಿನ ಉಂಗುರಗಳನ್ನು ಒಂದರ ಮೇಲೊಂದು ಏರಿಸಿ ಕಟ್ಟುವ ಕಣಜ. ಒಳಗೆ ಇಳಿದು ಕುಳಿತರೆ ನಿನ್ನನ್ನು ಯಾರೂ ಕಂಡುಹಿಡಿಯಲಾರರು. ನಾನೇ ಕುಳಿತು ಪೆಟ್ಟು ತಿಂದಿದ್ದೇನೆ.

ಈಗ ಆ ಕೇರಿಯಲ್ಲಿ ತಿಗರಿ ಉಳಿದಿರುವುದು ಒಂದೇ ಮನೆಯಲ್ಲಿ. ಹಿರಿಯರು ಜಗುಲಿಯ ಮೇಲೆ ಕುಳಿತಿದ್ದರು. ಅಂಗಳದಲ್ಲಿ ಮಡಕೆಗಳಿದ್ದವು. ಆದರೆ ಅರ್ಧಕ್ಕರ್ಧ ಬಿರುಕು ಬಿಟ್ಟವು.

"ಏನ್ ಶೆಟ್ರೇ ಇದು?" ಎಂದೆ.

"ಮಣ್ಣಿಲ್ಲ ಕಣಣ್ಣ" ಎಂದರು.

ಮಣ್ಣಿಲ್ಲ! ಸುತ್ತ ನೋಡಿದರೆ ಎಲ್ಲೆಲ್ಲೂ ಮಣ್ಣೇ. ನನ್ನ ಮುಖ ನೋಡಿ ಅವರೇ ವಿವರಿಸಿದರು. ಮಡಕೆಗೆ ಆಗುವ ಜೇಡಿ ಎಲ್ಲ ಕಡೆ ಇರುವುದಿಲ್ಲ. ಊರ ಕೆರೆಯಲ್ಲೂ ಒಂದೇ ಮೂಲೆಯಲ್ಲಿ, ಮೇಲಿನ ಗೋಡು ಮಣ್ಣು ಬಗೆದ ಮೇಲೆ, ಮೊಣಕಾಲುದ್ದ ಕೆಳಗೆ ಸಿಗುತ್ತಿತ್ತು. ಅವರ ಅಜ್ಜನ ಕಾಲದಲ್ಲಿ ಶಿವರಾತ್ರಿ ಕಳೆದರೆ ಕೆರೆ ಒಣಗುತ್ತಿತ್ತು. ಬೇಕಾದಷ್ಟು ಅಗೆದು ಗಾಡಿಯಲ್ಲಿ ತಂದು ವರ್ಷಕ್ಕಾಗುವಷ್ಟು ಕೂಡಿಡುತ್ತಿದ್ದರು. ನಾಲೆ ಬಂದ ಮೇಲೆ ಕೆರೆ ಪೂರ್ತಿ ಒಣಗುವ ವರ್ಷಗಳೇ ಕಡಿಮೆ. ಅದರ ಮೇಲೆ ಮೊನ್ನೆ ಮೊನ್ನೆ ಯಂತ್ರ ತಂದು ಹೂಳೆತ್ತಿದಾಗ ಆ ಮೂಲೆಯ ಜೇಡಿಯೂ ಟಿಪ್ಪರ್ ಹತ್ತಿಹೋಯಿತು. ಇಟ್ಟಿಗೆ ಗೂಡಿಗೋ ಯಾರ ತೋಟಕ್ಕೋ. ಈಗ ಅಲ್ಲಿ ಎರಡಾಳುದ್ದದ ಗುಂಡಿ, ಅದರ ತುಂಬ ನೀರು.

"ಅಲ್ಲಿ ಇಲ್ಲಿ ತಂದ ಮಣ್ಣು ಕಲಸಿ ಮಾಡ್ತಿದೀನಿ. ಒಣಗೋವಾಗಲೇ ಸೀಳ್ತದೆ. ಈ ಬೇಸಿಗೆ ನೋಡ್ತೀನಿ. ಆಗಲಿಲ್ಲ ಅಂದ್ರೆ ತಿಗರಿ ಎತ್ತಿ ಅಟ್ಟಕ್ಕೆ ಹಾಕ್ತೀನಿ" ಎಂದರು. ಬೇಸರದಿಂದ ಹೇಳಿದ ಮಾತಲ್ಲ. ಬಸ್ಸು ಬರದಿದ್ದರೆ ನಡೆದು ಹೋಗುತ್ತೇನೆ ಎನ್ನುವ ಹಾಗೆ ಹೇಳಿದರು.

ಮೊಮ್ಮಗಳು ನನ್ನ ಪಂಚೆ ಎಳೆದಳು. "ತಾತ, ನಿಂಗೆ ಮಣ್ಣು ಗೊತ್ತಲ್ವಾ? ನಾವು ಹುಡುಕಿ ಕೊಡೋಣ."

ಹೀಗೆ ಸಿಕ್ಕಿಕೊಂಡೆ ನೋಡಿ.

ಶೆಟ್ಟರು ತಮ್ಮ ಬಳಿ ಉಳಿದಿದ್ದ ಹಳೆಯ ಕೆರೆ ಜೇಡಿಯ ಒಂದು ಮುಷ್ಟಿ ಕೊಟ್ಟರು, ಗುರುತಿಗೆ. ಒದ್ದೆ ಮಾಡಿ ಹೆಬ್ಬೆರಳು ತೋರುಬೆರಳ ನಡುವೆ ಒತ್ತುತ್ತಾ ಹೋದೆ. ಪಟ್ಟಿಯಂತೆ ಉದ್ದಕ್ಕೆ ಬಂತು, ತುಂಡಾಗಲಿಲ್ಲ. ಫಾರಂನಲ್ಲೂ ಮಣ್ಣಿನ ಗುಣ ತಿಳಿಯಲು ನಾವು ಮೊದಲು ಮಾಡುತ್ತಿದ್ದುದು ಇದನ್ನೇ. ಮರಳು ಮಣ್ಣಾದರೆ ಪಟ್ಟಿಯೇ ಆಗುವುದಿಲ್ಲ, ಜೇಡಿ ಹೆಚ್ಚಿದಷ್ಟೂ ಪಟ್ಟಿ ಉದ್ದ. ಮರಳಿನ ಕಣ ಕಣ್ಣಿಗೆ ಕಾಣುತ್ತದೆ. ಜೇಡಿಯ ಕಣ ಹಾಗಲ್ಲ. ಒಂದು ಮಿಲಿಮೀಟರನ್ನು ಐನೂರು ಪಾಲು ಮಾಡಿದರೆ ಅದರ ಒಂದು ಪಾಲಿಗಿಂತಲೂ ಚಿಕ್ಕದು. ಆಕಾರದಲ್ಲಿ ಹಾಳೆಯಂತೆ ಚಪ್ಪಟೆ. ಎರಡು ಗಾಜಿನ ನಡುವೆ ನೀರು ಹನಿಸಿದರೆ ಅವು ಅಂಟಿಕೊಂಡೂ ಜಾರುತ್ತವಲ್ಲ, ಹಾಗೆ ಈ ಹಾಳೆಗಳು ನೀರಿನ ಜತೆ ಜಾರುತ್ತವೆ, ಹಿಡಿದೂ ಕೊಳ್ಳುತ್ತವೆ. ಕೈಯಲ್ಲಿ ಒತ್ತಿದ ಆಕಾರಕ್ಕೆ ಮಣ್ಣು ಹಾಗೆಯೇ ನಿಲ್ಲುವುದು ಅದಕ್ಕೇ.

ಮೂರು ಕಡೆಯ ಮಣ್ಣು ತಂದೆವು. ಮನೆ ಹಿಂದಿನ ಕೆಂಪು ಮಣ್ಣು ಒಂದು, ನಾಲೆ ಪಕ್ಕದ್ದು ಒಂದು, ನಮ್ಮದೇ ತಗ್ಗು ಗದ್ದೆಯದು ಒಂದು. ಮೂರು ಗಾಜಿನ ಬಾಟಲಿಯಲ್ಲಿ ನೀರಿನೊಂದಿಗೆ ಹಾಕಿ ಚೆನ್ನಾಗಿ ಕುಲುಕಿ ಕಿಟಕಿಯಲ್ಲಿಟ್ಟೆವು. ಮಕ್ಕಳೇ, ಇದನ್ನು ನಿಮ್ಮ ಮನೆಯಲ್ಲೂ ಮಾಡಿ ನೋಡಬಹುದು. ಮರಳು ಒಂದೆರಡು ನಿಮಿಷದಲ್ಲೇ ತಳಕ್ಕೆ ಇಳಿಯುತ್ತದೆ. ಅದರ ಮೇಲೆ ನುಣುಪಾದ ಹುಡಿ ಮಣ್ಣು ಕೂರಲು ಗಂಟೆಗಳು ಬೇಕು. ಜೇಡಿ ಮಾತ್ರ ಮಾರನೆಯ ದಿನವೂ ನೀರನ್ನು ಕದಡಿಕೊಂಡೇ ಇರುತ್ತದೆ. ಕೆಂಪು ಮಣ್ಣಿನ ಬಾಟಲಿಯಲ್ಲಿ ಮುಕ್ಕಾಲು ಮರಳು. ನಾಲೆ ಪಕ್ಕದ್ದರಲ್ಲೂ ಮರಳೇ. ಗದ್ದೆ ಮಣ್ಣಿನ ಬಾಟಲಿ ಎರಡನೆಯ ದಿನವೂ ಚಹಾದಂತೆ ಕಂದಾಗಿಯೇ ಇತ್ತು.

"ಸಿಕ್ತು!" ಎಂದು ಕುಣಿದಳು.

ನಾನು ಕುಣಿಯಲಿಲ್ಲ. ಗದ್ದೆ ನೀರು ಹಿಡಿದು ನಿಲ್ಲುವುದು ಆ ಜೇಡಿಯಿಂದಲೇ. ಅದನ್ನು ತೆಗೆದರೆ ನಾಳೆ ಭತ್ತದ ಬುಡದಲ್ಲಿ ನೀರು ನಿಲ್ಲುವುದೆಲ್ಲಿ? ಗದ್ದೆಯ ಮಣ್ಣು ಮಾರಬೇಡಿ, ಮೇಲ್ಮಣ್ಣು ಹೋದರೆ ಮತ್ತೆ ಬರುವುದಿಲ್ಲ ಎಂದು ಇಟ್ಟಿಗೆ ಗೂಡಿನವರಿಗೆ ಮಣ್ಣು ಕೊಡಲು ಹೊರಟ ಎಷ್ಟು ಜನಕ್ಕೆ ನಾನೇ ಬುದ್ಧಿ ಹೇಳಿಲ್ಲ! ಒಂದು ಕಡೆ ಮಗುವಿನ ಮುಖ, ಇನ್ನೊಂದು ಕಡೆ ಆ ಮಾತು. ಕೊನೆಗೆ ಒಂದು ಬುಟ್ಟಿ ಮಾತ್ರ ತೆಗೆದುಕೊಂಡು ಹೋದೆವು, ನೋಡೋಣವೆಂದು.

ಶೆಟ್ಟರು ಹದ ಮಾಡಿ ಹತ್ತು ಸೆಂಟಿಮೀಟರಿನ ಗೆರೆ ಎಳೆದ ಒಂದು ಪಟ್ಟಿ ಮಾಡಿಕೊಟ್ಟರು. ಗೆರೆ ಎಳೆಯುವ ಉಪಾಯ ನನ್ನದು. ನೆರಳಲ್ಲಿ ಒಣಗಿದಾಗ ಗೆರೆ ಒಂಬತ್ತಕ್ಕೂ ಕಡಿಮೆಯಾಗಿತ್ತು, ನಡುವೆ ಕೂದಲಿನಂಥ ಸೀಳು. ಹಾಳೆಗಳ ನಡುವಿನ ನೀರು ಹೋದಂತೆ ಜೇಡಿ ಕುಗ್ಗುತ್ತದೆ. ಅತಿ ಜೇಡಿಯಾದರೆ ಅತಿ ಕುಗ್ಗಿ ಸೀಳುತ್ತದೆ.

"ಗದ್ದೆ ಮಣ್ಣು ಬ್ಯಾಡ ಬುಡಿ" ಎಂದರು ಶೆಟ್ಟರು. "ಕೆರೆಗೆ ಮಳೆ ಬಂದಂಗೆಲ್ಲ ಹೊಸ ಮಣ್ಣು ಬತ್ತದೆ. ನಾವು ತೆಗೆದ ಗುಂಡಿ ಅದೇ ತುಂಬ್ಕತ್ತದೆ. ಕೆರೆಗೂ ಆಳ, ನಮಗೂ ಮಣ್ಣು. ಗದ್ದೆಗೆ ಯಾರು ತಂದು ಹಾಕ್ತಾರೆ?"

ಇಷ್ಟು ದಿನ ಮಣ್ಣಿನ ಪಾತ್ರೆ ಎಂದರೆ ಪ್ರಕೃತಿಗೆ ಒಳ್ಳೆಯದು ಎಂದಷ್ಟೇ ತಿಳಿದಿದ್ದೆ. ಯಾವ ಮಣ್ಣು, ಎಲ್ಲಿಯದು, ತೆಗೆದ ಜಾಗ ಮತ್ತೆ ತುಂಬುತ್ತದೆಯೇ ಎಂದು ಕೇಳಿಕೊಂಡಿರಲಿಲ್ಲ. ತಲೆತಲಾಂತರದಿಂದ ಕೆರೆಯ ಹೂಳೆತ್ತುವ ಕೂಲಿಯಿಲ್ಲದ ಆಳುಗಳಾಗಿ ಕುಂಬಾರರು ಇದ್ದರೆಂಬುದು ನನಗೆ ಹೊಳೆದದ್ದು ಅವತ್ತೇ.

ಮತ್ತೆ ತುಂಬುವ ಜಾಗ ಬೇರೆ ಎಲ್ಲಿದೆ? ರಾತ್ರಿ ಬಾಟಲಿಗಳನ್ನು ನೋಡುತ್ತಾ ಮೊಮ್ಮಗಳೇ ದಾರಿ ತೋರಿಸಿದಳು. "ಮರಳು ಮೊದಲು ಕೂತ್ಕೊಳ್ಳುತ್ತೆ, ಜೇಡಿ ಕೊನೇಲಿ ಕೂತ್ಕೊಳ್ಳುತ್ತೆ ಅಲ್ವಾ? ಹಾಗಾದ್ರೆ ನಾಲೇಲೂ ಕೊನೇಲಿ ಇರಬೇಕು."

ನಾಲೆಯ ಕೊನೆ! ನಮ್ಮ ಸೀಮೆಯಲ್ಲಿ ಆ ಮಾತು ಎತ್ತಿದರೆ ಮದ್ದೂರು, ಮಳವಳ್ಳಿ ಕಡೆಯವರಿಗೆ ಸಿಟ್ಟು ಬರುತ್ತದೆ. ಮೇಲಿನವರು ನೀರು ಹಿಡಿದುಕೊಂಡು ಕೊನೆಯವರಿಗೆ ಬರುವ ಹೊತ್ತಿಗೆ ಕಾಲುವೆ ಸೊರಗಿರುತ್ತದೆ ಎಂಬುದು ಅವರ ಹಳೆಯ ದೂರು. ನನ್ನ ಅಕ್ಕನನ್ನು ಕೊಟ್ಟಿರುವುದು ಅಲ್ಲಿಗೇ. ಮಾರನೆಯ ದಿನ ಮದ್ದೂರಿನಲ್ಲಿ ಬಸ್ಸು ಬದಲಿಸಿ (ವಡೆಯೂ ಆಯಿತು), ಕೆ.ಎಂ. ದೊಡ್ಡಿ ದಾಟಿ ಮಳವಳ್ಳಿ ದಾರಿ ಹಿಡಿದೆವು. ದಾರಿಯುದ್ದಕ್ಕೂ ಕಬ್ಬು, ನಡುನಡುವೆ ಆಲೆಮನೆಯ ಹೊಗೆ.

ಭಾವ ನಮ್ಮ ಚೀಲ ನೋಡಿ, "ಏನಯ್ಯ, ಮಣ್ಣು ಹೊರೋಕೆ ಬಂದ್ಯಾ?" ಎಂದರು. ನಾಲೆ ನಿಂತ ಕಾಲ. ಅವರ ಊರ ಕೊನೆಗಾಲುವೆಯ ಹೂಳು ತೆಗೆದು ಏರಿಯ ಮೇಲೆ ರಾಶಿ ಹಾಕಿದ್ದರು. ಒಣಗಿ ಹೆಂಚಿನ ಚೂರಿನಂತೆ ಮಡಿಚಿಕೊಂಡಿತ್ತು. ಒಂದು ಚೂರು ನೆನೆಸಿ ಬೆರಳಲ್ಲಿ ಒತ್ತಿದೆ. ಪಟ್ಟಿ ಬಂತು, ಉದ್ದಕ್ಕೆ ಬಂತು.

"ಎಷ್ಟ್ ಬೇಕೋ ಹೊತ್ಕೊಂಡು ಹೋಗು ಮಾರಾಯ. ಇಲ್ಲೇ ಬಿಟ್ರೆ ಮೊದಲ ಮಳೆಗೆ ವಾಪಸ್ ಕಾಲುವೆಗೇ ಬೀಳ್ತದೆ" ಎಂದರು ಭಾವ. ಕೊನೆಯವರ ಪಾಲಿಗೆ ನೀರು ಬರದಿದ್ದರೂ ಮಣ್ಣಾದರೂ ಬಂತಲ್ಲ ಎಂದು ಅಕ್ಕ ಸೇರಿಸಿದಳು. ಅವಳ ನಾಲಗೆ ಮೊದಲಿನಿಂದಲೂ ಹಾಗೇ. ನಾಲ್ಕು ಚೀಲ ತುಂಬಿದೆವು. ಕಂಡಕ್ಟರು ಲಗೇಜ್ ಟಿಕೆಟ್ ಹರಿಯುವಾಗ "ಏನಿದೆ?" ಎಂದರು. "ಮಣ್ಣು" ಎಂದಳು ಮೊಮ್ಮಗಳು. ಅವರು ಮತ್ತೆ ಕೇಳಲಿಲ್ಲ.

ಶೆಟ್ಟರು ಮಣ್ಣನ್ನು ನೀರಲ್ಲಿ ಕರಗಿಸಿ, ಬೇರು ಕಲ್ಲು ಸೋಸಿ, ತಿಳಿ ಬಸಿದು, ಎರಡು ದಿನ ಗೋಣಿ ಮುಚ್ಚಿಟ್ಟರು. ಆಮೇಲೆ ಕಾಲಲ್ಲಿ ತುಳಿಯುವುದು. ಅದು ಮೊಮ್ಮಗಳ ಪಾಲಿಗೆ ಹಬ್ಬ. "ನಿಮ್ಮನೇಲಿ ಒಡೆದ ಮಡಕೆ ಚೂರು ಇದ್ರೆ ತನ್ನಿ" ಎಂದರು ಶೆಟ್ಟರು. ಸದ್ಯ, ಅವಳ ಅಜ್ಜಿ ಎಸೆದಿರಲಿಲ್ಲ.

ಚೂರುಗಳನ್ನು ನೀರಲ್ಲಿ ಹಾಕಿದರೆ ಮತ್ತೆ ಜೇಡಿಯಾಗುತ್ತದೆಯೇ ಎಂದು ಅವಳು ಕೇಳಿದಳು. ಆಗುವುದಿಲ್ಲ. ಹಸಿ ಮಡಕೆಯನ್ನು ನೀರಲ್ಲಿಟ್ಟರೆ ಕರಗಿ ಮಣ್ಣಾಗುತ್ತದೆ. ಬೆಂಕಿಯಲ್ಲಿ ಸುಮಾರು 500–600 ಡಿಗ್ರಿ ದಾಟಿದ ಮೇಲೆ, ಜೇಡಿಯ ಹಾಳೆಗಳೊಳಗೇ ಸೇರಿಕೊಂಡಿದ್ದ ನೀರೂ ಹೊರಟುಹೋಗುತ್ತದೆ. ಆಮೇಲೆ ಅದು ಜೇಡಿಯೇ ಅಲ್ಲ, ಹಿಂದಕ್ಕೆ ದಾರಿಯಿಲ್ಲ. ನಮ್ಮ ಪಕ್ಕದ ತಿ. ನರಸೀಪುರದಲ್ಲಿ, ಕಾವೇರಿ ಕಬಿನಿ ಸೇರುವಲ್ಲಿ ಅಗೆದಾಗ ನವಶಿಲಾಯುಗದ ಮಡಕೆ ಚೂರುಗಳು ಸಿಕ್ಕಿವೆ. ಸಾವಿರಾರು ವರ್ಷ ನೆಲದಲ್ಲಿದ್ದರೂ ಅವು ಮಣ್ಣಾಗಿಲ್ಲ. ಹಾಗಾದರೆ ಒಡೆದದ್ದು ದಂಡವೇ? ಶೆಟ್ಟರು ಚೂರುಗಳನ್ನು ಒರಳಿಗೆ ಹಾಕಿ ಕುಟ್ಟಿಸಿ, ಜರಡಿ ಹಿಡಿದು, ಆ ಪುಡಿಯನ್ನು ಹೊಸ ಮಣ್ಣಿಗೆ ಕಲಸಿದರು. ಒಮ್ಮೆ ಬೆಂದ ಪುಡಿ ಮತ್ತೆ ಕುಗ್ಗುವುದಿಲ್ಲ, ಹಾಗಾಗಿ ಸೀಳುವುದನ್ನು ತಡೆಯುತ್ತದೆ. ಜರಡಿ ಹಿಡಿದವನು ನಾನು. ಬಹಳ ವರ್ಷಗಳ ಮೇಲೆ ನನ್ನ ಹಳೆಯ ಕೆಲಸ.

ತಿಗರಿಯ ಮೇಲೆ ಮುದ್ದೆ ಇಟ್ಟು, ಕೋಲಿನಿಂದ ಬೀಸಿ ತಿರುಗಿಸಿ, ಶೆಟ್ಟರು ಕೈ ಅದ್ದಿ ಹಿಡಿದರೆ ಮಣ್ಣು ತಾನೇ ಎದ್ದುಬಂತು. ಮಗನಿಗೆ ಕರೆಂಟಿನ ತಿಗರಿ ಬೇಕಂತೆ, ತರಬೇತಿಗೆ ಖಾನಾಪುರಕ್ಕೆ ಹೋಗಿಬರುತ್ತೇನೆ ಎನ್ನುತ್ತಾನಂತೆ. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಗ್ರಾಮೋದ್ಯೋಗದವರ ಕುಂಬಾರಿಕೆ ಸಂಸ್ಥೆ ಇದೆ. ಮಣ್ಣು ಸಿಕ್ಕಿದರೆ ಕಳಿಸುತ್ತೇನೆ ಎಂದರು.

ನನಗೆ ಹೊಸದಾಗಿ ತಿಳಿದದ್ದೆಂದರೆ, ತಿಗರಿಯಿಂದ ಇಳಿಯುವ ಮಡಕೆಗೆ ಗುಂಡು ತಳ ಇರುವುದೇ ಇಲ್ಲ. ಕಂಠ ಮಾತ್ರ ಸಿದ್ಧ. ಸ್ವಲ್ಪ ಆರಿದ ಮೇಲೆ ತೊಡೆಯ ಮೇಲಿಟ್ಟು, ಒಳಗೆ ಒಂದು ಗುಂಡುಕಲ್ಲು ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟಿ ತಟ್ಟಿ ತಳ ಕೂಡಿಸುತ್ತಾರೆ. ಪಟ್ ಪಟ್ ಪಟ್, ಒಂದೇ ತಾಳ. ಹೀಗೆ ತಟ್ಟುವ ಸದ್ದಿಗೆ ಶಿವನೇ ಬಂದು ಕುಣಿದ ಕಥೆಯನ್ನು ಅಜ್ಜಿ ತಾತಂದಿರು ಮಕ್ಕಳಿಗೆ ಹೇಳಿರಬಹುದು. ಬೀದರ ಸೀಮೆಯ ಭಾಲ್ಕಿಯ ಕುಂಬಾರ ಗುಂಡಯ್ಯನ ಕಥೆ ಅದು, ಹರಿಹರ ಕವಿ ರಗಳೆಯಲ್ಲಿ ಬರೆದಿದ್ದಾನೆ. ಮೊಮ್ಮಗಳು ಆ ಕಥೆ ಕೇಳಿ ತಾನೂ ಕುಣಿಯತೊಡಗಿದಳು. ಅವಳದೇ ಕೈಯ ಒಂದು ಆನೆಯೂ ಸಿದ್ಧವಾಯಿತು, ದಪ್ಪ ಹೊಟ್ಟೆಯ ಆನೆ. ಶೆಟ್ಟರು ಅದನ್ನು ನೋಡಿ, "ಒಳಗೆ ಪೊಳ್ಳು ಮಾಡು ಕಣವ್ವ, ದಪ್ಪಗಿದ್ರೆ ಸಿಡೀತದೆ" ಎಂದರು. ಅವಳು ಆನೆಗೆ ಹಸಿವಾಗುತ್ತದೆ ಎಂದು ಒಪ್ಪಲಿಲ್ಲ.

ಏಳೆಂಟು ದಿನ ನೆರಳಲ್ಲಿ ಒಣಗಿಸಿದರು. ಪಟ್ಟಿಯ ಹತ್ತು ಸೆಂಟಿಮೀಟರ್ ಈ ಸಲ ಒಂಬತ್ತೂವರೆಯ ಹತ್ತಿರವೇ ನಿಂತಿತ್ತು, ಸೀಳಿರಲಿಲ್ಲ.

ಆವಿಗೆ ಹಾಕಿದ್ದು ಸಂಜೆ. ಕೆಳಗೆ ಕಬ್ಬಿನ ಸೋಗೆ, ತೆಂಗಿನ ಸಿಪ್ಪೆ, ಬೆರಣಿ. ಮೇಲೆ ಮಡಕೆಗಳು, ಅದರ ಮೇಲೆ ಹುಲ್ಲು, ಹುಲ್ಲಿನ ಮೇಲೆ ಕೆಸರಿನ ತೆಳು ಹೊದಿಕೆ. ಗದ್ದೆಯಲ್ಲಿ ಹಾಗೇ ಸುಟ್ಟುಬಿಡುವ ಸೋಗೆ ಇಲ್ಲಿ ಕೆಲಸಕ್ಕೆ ಬಂತು, ಮರ ಕಡಿಯಬೇಕಾಗಲಿಲ್ಲ. ಕೆರೆಯ ಜೇಡಿಯನ್ನು ನೀರಲ್ಲಿ ಮುಳುಗಿಸಿದ ನಾಲೆಯೇ ಕಬ್ಬು, ಹುಲ್ಲು ಕೊಟ್ಟು ಆವಿಗೆ ಉರಿಸುತ್ತಿದೆ ಎಂದು ನಾನು ಅಂದುಕೊಂಡೆ. ಮೊದಲು ಬಿಳಿ ಹೊಗೆ ಬಂತು. "ನೀರು ಹೋಯ್ತಾ ಅದೆ. ಈಗ ಬೆಂಕಿ ಜೋರು ಮಾಡಬಾರದು" ಎಂದರು ಶೆಟ್ಟರು.

ಅಷ್ಟರಲ್ಲಿ ಪಶ್ಚಿಮಕ್ಕೆ ಮೋಡ ಕಟ್ಟಿತು. ಭರಣಿ ಮಳೆಯ ಕಾಲ. ಗುಡುಗು ಕೇಳಿದಾಗ ಶೆಟ್ಟರ ಮನೆಯವರೆಲ್ಲ ತಗಡು ಹಿಡಿದು ನಿಂತರು, ನಾವೂ ನಿಂತೆವು. ಬಿಸಿ ಮಡಕೆಗೆ ತಣ್ಣೀರು ಬಿದ್ದರೆ ಮುಗಿಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರಲ್ಲ, ಮಳೆಗೆ ಅಷ್ಟೂ ಬೇಡ. ದೊಡ್ಡ ಹನಿ ಹತ್ತು ಇಪ್ಪತ್ತು ಬಿದ್ದವು, ಕೆಸರಿನ ಮೇಲೆ ಚುಂಯ್ ಎಂದವು. ಗಾಳಿ ಮೋಡವನ್ನು ಪಾಂಡವಪುರದ ಕಡೆಗೆ ತಳ್ಳಿತು. ನಡುರಾತ್ರಿಯವರೆಗೂ ತಗಡು ಕೆಳಗಿಡಲಿಲ್ಲ ಯಾರೂ. ನಡುವೆ ಒಮ್ಮೆ ಆವಿಗೆಯೊಳಗೆ ಢಬ್ ಎಂದು ಸದ್ದಾಯಿತು. ಶೆಟ್ಟರು ಮೊಮ್ಮಗಳ ಮುಖ ನೋಡಿದರು, ಏನೂ ಹೇಳಲಿಲ್ಲ.

ಮಾರನೆಯ ಮಧ್ಯಾಹ್ನ ಬೂದಿ ಸರಿಸಿದೆವು. ಗಾಳಿ ಆಡಿದಲ್ಲಿ ಕೆಂಪು, ಹೊಗೆ ಕೂತಲ್ಲಿ ಕಪ್ಪು. ಮಣ್ಣಿನ ಕಬ್ಬಿಣದಂಶ ಗಾಳಿ ಸಿಕ್ಕಿದರೆ ಕೆಂಪಾಗುತ್ತದೆ. ಶೆಟ್ಟರು ಒಂದೊಂದನ್ನೇ ಎತ್ತಿ ಬೆರಳ ಗೆಣ್ಣಿನಿಂದ ಬಡಿದರು. ಸರಿಯಾಗಿ ಬೆಂದದ್ದು ಟಣ್ ಎನ್ನುತ್ತದೆ, ಸೀಳಿದ್ದು ಸಪ್ಪೆಯಾಗಿ ದಬ್ ಎನ್ನುತ್ತದೆ. ಇಟ್ಟದ್ದು ಇಪ್ಪತ್ತೆರಡು. ಹತ್ತೊಂಬತ್ತು ಟಣ್ ಎಂದವು.

ಆನೆ ಸಿಡಿದಿತ್ತು. ಸೊಂಡಿಲೊಂದೇ ಇಡಿಯಾಗಿತ್ತು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಸೊಂಡಿಲನ್ನು ಜೇಬಿಗೆ ಹಾಕಿಕೊಂಡು, ಉಳಿದ ಚೂರುಗಳನ್ನೆಲ್ಲ ಬೊಗಸೆಯಲ್ಲಿ ಹಿಡಿದು ಶೆಟ್ಟರ ಒರಳಿನ ಹತ್ತಿರ ಸುರಿದು ಬಂದಳು.

ನೀರಿನ ಮಡಕೆಗೆ ಶೆಟ್ಟರು ದುಡ್ಡು ತೆಗೆದುಕೊಳ್ಳಲು ಒಪ್ಪಲಿಲ್ಲ. ನಾನು ಬಿಡಲಿಲ್ಲ. ಕೊನೆಗೆ ಅವರು, "ದುಡ್ಡು ಇರಲಿ, ನಿಮ್ಮ ಭಾವನಿಗೆ ಒಂದು ಮಾತು ಹೇಳಿ. ಮುಂದಿನ ವರ್ಷ ನಾಲೆ ನಿಂತಾಗ ಹೂಳಿಗೆ ನಮ್ಮ ಹುಡುಗ ಟ್ರ್ಯಾಕ್ಟರ್ ತಗೊಂಡು ಬತ್ತಾನೆ" ಎಂದರು. ಅಲ್ಲೇ ನಿಂತು ಫೋನ್ ಮಾಡಿದೆ. ಭಾವ ಒಪ್ಪಿದರು. ಹಿಂದಿನಿಂದ ಅಕ್ಕನ ದನಿ ಕೇಳಿಸಿತು: "ಬರೋವಾಗ ಮೊಸರಿಗೆ ಎರಡು ಕುಡಿಕೆ, ಮುಚ್ಚಳ ಇರೋದು!"